ಮಂಗನ ಐಎಲ್-2: ಇ.ಕೋಲಿಯಲ್ಲೋ, ಹೆಕ್ ಕೋಶದಲ್ಲೋ?

ಧಾರವಾಡದ ನಮ್ಮ ಲ್ಯಾಬಿನ ಕಿಟಕಿಗೆ ಬಂದು ಡಬ್ಬಿ ಎಗರಿಸುವ ಮಂಗ ಬಾನೆಟ್ ಮಕಾಕ್. ಲಸಿಕೆ ಸಂಶೋಧನೆಯಲ್ಲಿ ಜಾಸ್ತಿ ಬಳಸುವುದು ಅದರ ಉತ್ತರ ಭಾರತದ ದಾಯಾದಿ ರೀಸಸ್. ಅದರ ರಫ್ತನ್ನು ಭಾರತ 1978ರಲ್ಲೇ ನಿಲ್ಲಿಸಿತು. ನಮಗೆ ಬೇಕಾಗಿದ್ದು ಮಂಗ ಅಲ್ಲ, ಅದರ ಐಎಲ್-2. ಅಂದರೆ ಇಂಟರ್ಲ್ಯೂಕಿನ್-2, ರೋಗದ ವಿರುದ್ಧ ಹೋರಾಡುವ ಬಿಳಿ ಕಣಗಳಾದ ಟಿ ಕೋಶಗಳನ್ನು ಬೆಳೆಸುವ ಪ್ರೋಟೀನ್. ಮನುಷ್ಯರ ಐಎಲ್-2 ಕೂಡ ರೀಸಸ್ ಕೋಶಕ್ಕೆ ನಡೆಯುತ್ತದೆ. ಆದರೆ ಲಸಿಕೆ ಜೊತೆ ಮಂಗನ ಮೈಗೇ ಕೊಡುವುದಾದರೆ ಅದರದೇ ಪ್ರೋಟೀನ್ ಬೇಕು. ಇಲ್ಲದಿದ್ದರೆ ಮೈ ಅದನ್ನು ಹೊರಗಿನದು ಅಂದುಕೊಂಡು ಪ್ರತಿಕಾಯ ಕಟ್ಟಬಹುದು.

ಅದಕ್ಕೆ ಮಂಗನ ಐಎಲ್-2 ಜೀನನ್ನು ಬೇರೆ ಕೋಶಕ್ಕೆ ಹಾಕಿ ಪ್ರೋಟೀನ್ ಮಾಡಿಸಬೇಕು. ಎರಡು ದಾರಿ ನೋಡಿದೆ. ಮೊದಲು ಇ.ಕೋಲಿ. ಖರ್ಚು ಕಡಿಮೆ, 20 ನಿಮಿಷಕ್ಕೊಮ್ಮೆ ದುಪ್ಪಟ್ಟಾಗುವ ಬ್ಯಾಕ್ಟೀರಿಯಾ. ಸಂಜೆ ಆ ಜೀನನ್ನು ಚಾಲೂ ಮಾಡುವ ಐಪಿಟಿಜಿ ಹಾಕಿದೆ, ಬೆಳಗ್ಗೆ ಪ್ರೋಟೀನುಗಳನ್ನು ಗಾತ್ರದಂತೆ ಬೇರ್ಪಡಿಸುವ ಜೆಲ್‌ನಲ್ಲಿ ದಪ್ಪ ಗೆರೆ. ಖುಷಿಯಾಗಿಬಿಟ್ಟೆ. ಆಮೇಲೆ ನೋಡಿದರೆ ಪ್ರೋಟೀನೆಲ್ಲ ಮುದ್ದೆಗಟ್ಟಿ ಕೋಶದೊಳಗೇ ಕೂತಿದೆ. ಅದನ್ನು 8 ಮೋಲಾರ್ ಯೂರಿಯಾದಲ್ಲಿ ಕರಗಿಸಬೇಕು (ಹೌದು, ಹೊಲಕ್ಕೆ ಹಾಕುವ ಯೂರಿಯಾನೇ, ಶುದ್ಧ ಮಾಡಿದ್ದು). ಆಮೇಲೆ ತಣ್ಣನೆಯ ಬಫರ್‌ಗೆ ಹನಿಹನಿಯಾಗಿ ಬಿಟ್ಟು ಸರಿಯಾಗಿ ಮಡಚಿಕೊಳ್ಳಲು ಬಿಡಬೇಕು. ಐಎಲ್-2ರಲ್ಲಿ ಮೂರು ಸಿಸ್ಟೀನ್ (ಗಂಧಕವಿರುವ ಅಮೈನೋ ಆಮ್ಲ) ಇವೆ, ಜೋಡಿಯಾಗಬೇಕಾದ್ದು ಎರಡೇ. ತಪ್ಪು ಜೋಡಿ ಬಿದ್ದರೆ ಕೆಲಸ ಕೆಟ್ಟಂತೆ. ನಾನು ಅವಸರ ಮಾಡಿ ಒಮ್ಮೆಲೇ ಸುರಿದೆ. ಬೆಳಗ್ಗೆ ಬಂದರೆ ಬೀಕರ್ ತುಂಬ ಮಜ್ಜಿಗೆ!

ಮೂರನೇ ಸಲ ತಿಳಿ ದ್ರಾವಣ ಸಿಕ್ಕಿತು. ಐಎಲ್-2 ಇಲ್ಲದೆ ಬದುಕದ ಸಿಟಿಎಲ್ಎಲ್-2 ಎಂಬ ಇಲಿಯ ಕೋಶಗಳಿಗೆ ಹಾಕಿದೆ, ಚೆನ್ನಾಗಿ ಬೆಳೆದವು. ಆದರೆ ದಾನಿಯ ರಕ್ತದ ಬಿಳಿ ಕಣಗಳಿಗೆ ಹಾಕಿದಾಗ ಟಿಎನ್ಎಫ್ (ಕೋಶ ಕೆರಳಿದಾಗ ಬಿಡುವ ಉರಿಯೂತದ ಪ್ರೋಟೀನ್) ವಿಪರೀತ ಏರಿತು. ಇದು ಐಎಲ್-2 ಪ್ರಭಾವವೇ ಅಂತ ನಾನು ನೋಟ್‌ಬುಕ್ಕಿನಲ್ಲಿ ಬರೆದೂಬಿಟ್ಟೆ. ಸೀನಿಯರ್ ಅಕ್ಕ ನೋಡಿ, "ಏ ತಮ್ಮಾ, ಅದನ್ನ ಒಮ್ಮೆ ಕುದಿಸಿ ಹಾಕಿ ನೋಡಪಾ" ಅಂದರು. ಅರ್ಧ ಗಂಟೆ ಕುದಿಸಿದೆ. ಇಲಿಯ ಕೋಶಗಳು ಬೆಳೆಯುವುದು ನಿಂತಿತು, ಟಿಎನ್ಎಫ್ ಮಾತ್ರ ಅಷ್ಟೇ ಇತ್ತು. ಅಂದರೆ ಅದು ಪ್ರೋಟೀನಿನ ಕೆಲಸ ಅಲ್ಲ, ಬ್ಯಾಕ್ಟೀರಿಯಾದ ಹೊರಪದರದಿಂದ ಬಂದ ಎಂಡೋಟಾಕ್ಸಿನ್ ಎಂಬ ವಿಷ. ಒತ್ತಡದ ಹಬೆಯಲ್ಲಿ ಬೇಯಿಸುವ ಆಟೋಕ್ಲೇವ್‌ಗೂ ಜಗ್ಗುವುದಿಲ್ಲ ಅದು. ಗಾಜಿನ ಪಾತ್ರೆಯಿಂದ ಓಡಿಸಲು 250 ಡಿಗ್ರಿ ಒಣ ಶಾಖ ಬೇಕು. ಪ್ರೋಟೀನನ್ನು ಹಾಗೆ ಸುಡೋಕಾಗಲ್ಲ ಅಲ್ವಾ?

ಟ್ರೈಟಾನ್ ಎಕ್ಸ್-114 ಎಂಬ ಸಾಬೂನಿನಂಥ ಡಿಟರ್ಜೆಂಟ್ ಕೈಹಿಡಿಯಿತು. ಐಸಿನಲ್ಲಿ ಕರಗುತ್ತದೆ, ಬೆಚ್ಚಗಾದರೆ ಎಣ್ಣೆಯಂತೆ ಬೇರೆಯಾಗಿ ಎಂಡೋಟಾಕ್ಸಿನನ್ನು ಜೊತೆಗೆ ಎಳೆದೊಯ್ಯುತ್ತದೆ. ಧಾರವಾಡದ ಮೇ ತಿಂಗಳಲ್ಲಿ ಟ್ಯೂಬನ್ನು ಸುಮ್ನೆ ಮೇಜಿನ ಮೇಲಿಟ್ಟರೆ ಸಾಕು. ನಾಲ್ಕು ಸಲ ಮಾಡಿದೆ. ಪ್ರತಿ ಸಲ ಸ್ವಲ್ಪ ಪ್ರೋಟೀನೂ ಹೋಯಿತು.

ಎರಡನೆಯದು ಹೆಕ್-293, ಮನುಷ್ಯರ ಭ್ರೂಣದ ಕಿಡ್ನಿಯಿಂದ ಬಂದ ಕೋಶ. ಡಿಎನ್ಎ ಒಳಗೆ ಕಳಿಸಿದರೆ ಐದು ದಿನದಲ್ಲಿ ಪ್ರೋಟೀನನ್ನು ಸರಿಯಾಗಿ ಮಡಚಿ ಮೀಡಿಯಾಕ್ಕೆ (ಕೋಶ ಬೆಳೆಯುವ ದ್ರವಕ್ಕೆ) ಬಿಡುತ್ತದೆ. ಕೋಶ ಒಡೆಯುವ, ಯೂರಿಯಾದಲ್ಲಿ ಕರಗಿಸುವ ಗೋಳೇ ಇಲ್ಲ. ಸಕ್ಕರೆ ಅಂಟಿದ್ದೂ ಅಂಟದ್ದೂ ಸೇರಿ ಜೆಲ್‌ನಲ್ಲಿ ಎರಡು ಗೆರೆ ಬಂತು. ಐಎಲ್-2ಗೆ ಆ ಸಕ್ಕರೆ ಬೇಕೇಬೇಕು ಅಂತೇನಿಲ್ಲ. ಇದನ್ನು ಕುದಿಸಿ ಹಾಕಿದಾಗ ಟಿಎನ್ಎಫ್ ಕೂಡ ತಣ್ಣಗಾಯಿತು, ಅಂದರೆ ಎಂಡೋಟಾಕ್ಸಿನ್ ಕಾಟ ಇಲ್ಲ. ತೊಂದರೆ ಅಂದರೆ ದುಡ್ಡು. ಮೀಡಿಯಾ ದುಬಾರಿ, ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಹುಬ್ಬಳ್ಳಿಯಿಂದ ಬರಬೇಕು. ಜುಲೈನ ಜಡಿಮಳೆಯಲ್ಲಿ ಒಂದು ಫ್ಲಾಸ್ಕಿಗೆ ಬೂಷ್ಟು ಹತ್ತಿ ಎಲ್ಲ ಚೆಲ್ಲಿದೆ.

ಬರೀ ಟಿ ಕೋಶ ಬೆಳೆಸೋಕೆ ನಾನು ಇ.ಕೋಲಿಯದನ್ನೇ ಬಳಸುತ್ತೇನೆ, ಟ್ರೈಟಾನ್‌ನಲ್ಲಿ ತೊಳೆದದ್ದನ್ನು. ರೋಗನಿರೋಧಕ ಕೋಶ ಕೆರಳಿತೋ ಇಲ್ಲವೋ ಅಂತ ಅಳೆಯುವ ಪ್ರಯೋಗಕ್ಕೆ ಹೆಕ್‌ನದೇ. ಫ್ರೀಜರಿನಲ್ಲಿ ಕೆಂಪು ಮುಚ್ಚಳ ಇ.ಕೋಲಿಗೆ, ನೀಲಿ ಹೆಕ್‌ಗೆ. ಹೋದ ವಾರ ಜೂನಿಯರ್ ಒಬ್ಬ ಟಿಎನ್ಎಫ್ ಪ್ರಯೋಗಕ್ಕೆ ಕೆಂಪು ಮುಚ್ಚಳದ್ದು ತೆಗೆದಿದ್ದ. ಅಕ್ಕ ಕೈಯಿಂದ ಕಿತ್ತುಕೊಂಡರು.