ಆಫೀಸಿಗೆ ಫೋಟೋಗ್ರಾಫರ್ ಕರೆಸುವ ಮುಂಚೆ ನನ್ನ ಕಥೆ ಓದಿ

ಚಿಕ್ಕಮಗಳೂರಲ್ಲಿ ಯಾರಾದರೂ ಕಂಪನಿ ಬ್ರೋಷರ್‌ಗೆ, ಲಿಂಕ್ಡ್‌ಇನ್‌ಗೆ ಅಂತ ಮೇಲಿನವರ ಫೋಟೋ ತೆಗೆಸುವ ಯೋಚನೆಯಲ್ಲಿದ್ದರೆ, ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ಓದಿ. ಸ್ಟುಡಿಯೋ ಹೆಸರು ಹೇಳುವುದಿಲ್ಲ.

ನಮ್ಮದು ಕಾಫಿ ವ್ಯಾಪಾರದ ಕಂಪನಿ. ಎಂ.ಡಿ. ಸೇರಿ ಆರು ಜನರ ಫೋಟೋ ಬೇಕಿತ್ತು. ಕೆಲಸ ನನ್ನ ತಲೆಗೆ ಬಂತು. ಪರಿಚಯದವರು ಹೇಳಿದ ಸ್ಟುಡಿಯೋದ ಇನ್‌ಸ್ಟಾಗ್ರಾಂ ನೋಡಿದೆ. ಬರೀ ಮುಳ್ಳಯ್ಯನಗಿರಿಯ ಪ್ರೀ-ವೆಡ್ಡಿಂಗ್ ಫೋಟೋ, ಮಂಜು, ಗಾಳಿಗೆ ಹಾರುವ ಸೆರಗು. ಚೆನ್ನಾಗೇ ಇದ್ದವು. ಕುರ್ಚಿಯಲ್ಲಿ ಕೂತ ಐವತ್ತೆಂಟರ ಮನುಷ್ಯನ ಮುಖ ತೆಗೆಯುವುದು ಬೇರೆಯೇ ಕೆಲಸ ಅಂತ ಆಗ ಹೊಳೆಯಲಿಲ್ಲ. 15,000 ಅಂತ ಬಾಯಿಮಾತಲ್ಲೇ ಮುಗಿಸಿ 10,000 ಕಳಿಸಿಬಿಟ್ಟೆ.

ಹತ್ತಕ್ಕೆ ಬರಬೇಕಾದವರು ಬಂದದ್ದು ಹನ್ನೆರಡೂವರೆಗೆ. ಬಂದವನು ಮಾಲೀಕನಲ್ಲ, ಯಾರೋ ಹುಡುಗ. ಹೊರಗೆ ಮಳೆ, ಕಿಟಕಿಯಲ್ಲಿ ಬೆಳಕೇ ಇಲ್ಲ. ಅವನ ಹತ್ತಿರ ಕ್ಯಾಮೆರಾ ಮೇಲೆ ಸಿಕ್ಕಿಸಿದ ಒಂದು ಫ್ಲ್ಯಾಷ್ ಬಿಟ್ಟರೆ ಬೇರೆ ಲೈಟಿಲ್ಲ. ರೂಮು ಚಿಕ್ಕದು ಅಂತ ಹತ್ತಿರದಿಂದಲೇ ಅಗಲಕ್ಕೆ ಹಿಡಿಯುವ ವೈಡ್ ಲೆನ್ಸ್ ಹಾಕಿ, ಮೂರಡಿ ದೂರದಿಂದ ಟಕಟಕ ತೆಗೆದ. ಅಷ್ಟು ಹತ್ತಿರ ನಿಂತರೆ ಮೂಗು ದಪ್ಪಗೆ ಮುಂದೆ ಬರುತ್ತದೆ, ಕಿವಿ ಹಿಂದೆ ಸರಿಯುತ್ತದೆ. ಅದಕ್ಕೇ 85 ಎಂ.ಎಂ. ಆಸುಪಾಸಿನ ಲೆನ್ಸ್ ಹಾಕಿ ದೂರ ನಿಲ್ಲುತ್ತಾರಂತೆ. ನಾನು ಕಲಿತದ್ದು ದುಡ್ಡು ಹೋದ ಮೇಲೆ. ಅಕೌಂಟ್ಸ್ ಮ್ಯಾನೇಜರ್ ಕನ್ನಡಕದಲ್ಲಿ ಫ್ಲ್ಯಾಷ್ ಹೊಳೆದು ಎರಡು ಬಿಳಿ ಬಲ್ಬು, ಕಣ್ಣೇ ಕಾಣುವುದಿಲ್ಲ. ಗದ್ದ ಸ್ವಲ್ಪ ಇಳಿಸಿ ಸಾರ್ ಅಂತ ಒಂದು ಮಾತು ಹೇಳಬಹುದಿತ್ತು, ಅಲ್ವಾ?

ಮೂರು ದಿನ ಅಂದವರು ಹದಿನೆಂಟು ದಿನ ಮಾಡಿದರು. ಎಂ.ಡಿ. ಎಡಗೆನ್ನೆಯ ಮಚ್ಚೆ ಮಾಯ. ಹಣೆಯ ಗೆರೆಗಳೂ ಇಲ್ಲ. ಮುಖ ಆಗಷ್ಟೇ ಸಿಪ್ಪೆ ಸುಲಿದ ಮೊಟ್ಟೆ ಥರ. ಸಾರ್ ಸುಮಾರು ಹೊತ್ತು ನೋಡಿ, "ಯಾರ್ರೀ ಇವರು, ನನ್ನ ತಮ್ಮನಾ?" ಅಂದರು. ಅವರಿಗೆ ತಮ್ಮನೇ ಇಲ್ಲ.

ಕಳಿಸಿದ್ದೂ ವಾಟ್ಸಾಪ್‌ನಲ್ಲಿ, ಫೋಟೋ ಪೂರ್ತಿ ಕುಗ್ಗಿಹೋಗಿತ್ತು. ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ ಎ4 ಪುಟಕ್ಕೆ 2480 × 3508 ಬೇಕು. "ಫೋನಲ್ಲಿ ನೋಡಕ್ಕೆ ಸರಿ, ಪ್ರಿಂಟಲ್ಲಿ ಒಡೆಯುತ್ತೆ" ಅಂದರು ಪ್ರೆಸ್‌ನವರು. ಒರಿಜಿನಲ್ ಕೇಳಿದರೆ ಸ್ಟುಡಿಯೋದವರದು ಇನ್ನೊಂದು ರಾಗ: ಫೋಟೋಗೆ 1,500 ಜಾಸ್ತಿ ಕೊಡಿ, ಕಾಪಿರೈಟ್ ನಮ್ಮದು. ನಾನು ನಂಬಿಬಿಡುತ್ತಿದ್ದೆ. ನಮ್ಮ ವಕೀಲರು 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ತೆಗೆದು ತೋರಿಸಿದರು. ದುಡ್ಡು ಕೊಟ್ಟು ತೆಗೆಸಿದ ಫೋಟೋದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದ್ದೇ. ಆದರೆ ಹಕ್ಕು ನಮ್ಮದು ಅಂದ ಮಾತ್ರಕ್ಕೆ ಫೈಲು ಅವರ ಕಂಪ್ಯೂಟರಿಂದ ಎದ್ದು ಬರುವುದಿಲ್ಲ.

ಹಾಗಾಗಿ ಮೊದಲೇ, ವಾಟ್ಸಾಪ್ ಮೆಸೇಜಲ್ಲಾದರೂ ಸರಿ, ಬರೆಸಿಕೊಳ್ಳಿ. ಯಾರು ಬರುತ್ತಾರೆ, ಎಷ್ಟು ಲೈಟು ತರುತ್ತಾರೆ, ದೊಡ್ಡ ಫೈಲು ಯಾವತ್ತು ಕೊಡುತ್ತಾರೆ, ಮುಖ ಎಷ್ಟು ತಿದ್ದುತ್ತಾರೆ, ಅವರ ಜಾಹೀರಾತಿಗೆ ಬಳಸಬಹುದಾ. ಮೊದಲನೆಯವರ ಫೋಟೋ ಲ್ಯಾಪ್‌ಟಾಪಲ್ಲಿ ದೊಡ್ಡದು ಮಾಡಿ ನೋಡದೆ ಎರಡನೆಯವರನ್ನು ಕೂರಿಸಲೇಬೇಡಿ.

ಬಾಕಿ 5,000 ನಾನು ಕೊಟ್ಟಿಲ್ಲ, ಫೈಲು ಅವರೂ ಕೊಟ್ಟಿಲ್ಲ. ಮೊನ್ನೆ ಆ ಅಂಗಡಿ ಮುಂದೆ ಹೋಗುವಾಗ ನೋಡಿದರೆ ಹೊಸ ಫ್ಲೆಕ್ಸ್ ಹಾಕಿದ್ದಾರೆ. ಅದರಲ್ಲಿ ನಮ್ಮ ಎಂ.ಡಿ., ಮಚ್ಚೆ ಇಲ್ಲದೆ, ನಗುತ್ತಾ. ಸಾರಿಗೆ ಇನ್ನೂ ಹೇಳಿಲ್ಲ.