ಅಘನಾಶಿನಿ ಕಾಂಡ್ಲಾ ವಾಕ್‌ಗೆ ದುಡ್ಡು ಹಾಕೋ ಮುಂಚೆ ನೀರಿನ ಟೈಮ್ ಕೇಳಿ

ಬೆಂಗಳೂರಿಂದ ವೀಕೆಂಡಲ್ಲಿ ಅಘನಾಶಿನಿ ಅಳಿವೆಗೆ (ಕುಮಟಾ ಹತ್ರ ನದಿ ಸಮುದ್ರ ಸೇರೋ ಜಾಗ) "ನೇಚರ್ ಆಂಡ್ ಹಿಸ್ಟರಿ ವಾಕ್" ಅಂತ ಕರ್ಕೊಂಡು ಹೋಗೋರು ಈಗ ಜಾಸ್ತಿ ಆಗಿದಾರೆ. ಅಂಥ ಒಬ್ರ ಜೊತೆ ಹೋಗಿ ನಮ್ಮಮ್ಮ ಮೊಣಕಾಲುದ್ದ ಕೆಸರಲ್ಲಿ ಸಿಕ್ಕಾಕೊಂಡು, ಸುತ್ತ ನೀರು ಏರ್ತಾ ಇದ್ರೂ ಆಚೆ ಬರೋಕಾಗದೆ ನಿಂತಿದ್ರು. ಆ ಟೀಮಿನ ಹೆಸರು ಹಾಕಲ್ಲ, ಯಾಕಂದ್ರೆ ವಿಷಯ ಅವ್ರೊಬ್ರದ್ದೇ ಅಲ್ಲ. ಹೋಗೋ ಪ್ಲಾನ್ ಇರೋರು ದಯವಿಟ್ಟು ಪೂರ್ತಿ ಓದಿ.

ತಲೆಗೆ 1,800 ರೂಪಾಯಿ, ನಾವು ನಾಲ್ಕು ಜನ: ನಾನು, ನಮ್ಮನೆಯವ್ರು, ಒಂಬತ್ತು ವರ್ಷದ ಮಗ, ಅಮ್ಮ. ಮೆಸೇಜಲ್ಲಿ ಬೆಳಿಗ್ಗೆ ಆರೂವರೆಗೆ ಕಾಂಡ್ಲಾ ಕಾಡು (ಅಳಿವೆ ಕೆಸರಲ್ಲಿ ಬೆಳೆಯೋ ಮ್ಯಾಂಗ್ರೋವ್), ಆಮೇಲೆ ಮಿರ್ಜಾನ್ ಕೋಟೆ, ಜೊತೆಗೆ ನುರಿತ ಗೈಡ್, ಫಸ್ಟ್ ಏಡ್ ಎಲ್ಲಾ ಇತ್ತು. ಅಮ್ಮ ಮೂವತ್ತು ವರ್ಷ ಹೈಸ್ಕೂಲಲ್ಲಿ ಸಮಾಜ ಪಾಠ ಮಾಡಿದೋರು, ರಾಣಿ ಚೆನ್ನಭೈರಾದೇವಿಯ ಆ ಮಿರ್ಜಾನ್ ಕೋಟೆ ನೋಡ್ಬೇಕು ಅಂತ ಎಷ್ಟೋ ವರ್ಷದಿಂದ ಹೇಳ್ತಾನೇ ಇದ್ರು, ಅದಕ್ಕೇ ಬುಕ್ ಮಾಡಿದ್ದು.

ಬಸ್ಸು ರಾತ್ರಿ ಎರಡು ಗಂಟೆ ಲೇಟಾಯ್ತು, ತಿಂಡಿಗೆ ಅಂತ ನಿಲ್ಲಿಸಿದ್ದು ಇನ್ನೊಂದು ಗಂಟೆ. ನದಿ ದಡಕ್ಕೆ ಬಂದಾಗ ಒಂಬತ್ತೂವರೆ. ಹಿಂದಿನ ದಿನ ಹುಣ್ಣಿಮೆ. ಆ ಕರಾವಳೀಲಿ ಹುಣ್ಣಿಮೆ ಅಮಾವಾಸ್ಯೆ ಆಸುಪಾಸಲ್ಲಿ ಬೆಳಿಗ್ಗೆ ಐದಾರು ಗಂಟೆಗೆ ನೀರು ಪೂರ್ತಿ ಇಳಿದಿರುತ್ತೆ, ಆಮೇಲೆ ಏರೋಕೆ ಶುರುವಾಗಿ ಮಧ್ಯಾಹ್ನ ಹನ್ನೊಂದು ಹನ್ನೆರಡಕ್ಕೆ ತುಂಬುತ್ತೆ, ಅದೂ ಬೇರೆ ದಿನಕ್ಕಿಂತ ಜೋರಾಗಿ. ಈ ಟೈಮ್ ದಿನಾ ಸುಮಾರು ಐವತ್ತು ನಿಮಿಷ ತಡ ಆಗ್ತಾ ಹೋಗುತ್ತೆ. ಇದೆಲ್ಲಾ ನಾನು ಆಮೇಲೆ ತಿಳ್ಕೊಂಡಿದ್ದು. ಆರೂವರೆಗೆ ಅಂತ ಇದ್ದ ನಡಿಗೇನ ಒಂಬತ್ತೂವರೆಗೆ ಮಾಡಿದ್ರೆ ಅದು ಬರೀ ಮೂರು ಗಂಟೆ ಲೇಟಲ್ಲ, ಏರೋ ನೀರಿನ ಎದುರಿಗೆ ಇಳಿದ ಹಾಗೆ. ನಮ್ ಗೈಡಿಗೆ ಅದು ಗೊತ್ತಿರ್ಲಿಲ್ಲ. ಇಪ್ಪತ್ತೆರಡು ಜನಾನ ಸಾಲಾಗಿ ಕೆಸರಿಗೆ ಇಳಿಸ್ದ, ಚಪ್ಪಲಿ ಶೂ ಎಲ್ಲಾ ದಡದಲ್ಲೇ ಬಿಡಿ ಅಂದ.

ಕಾಂಡ್ಲಾ ಗಿಡದ ಸುತ್ತ ಕೆಸರಿಂದ ಪೆನ್ಸಿಲ್ ಥರ ಮೇಲಕ್ಕೆ ಚುಚ್ಕೊಂಡು ನಿಂತಿರ್ತವಲ್ಲ, ಅವು ಉಸಿರುಬೇರು, ಆ ಕೆಸರೊಳಗೆ ಗಾಳಿ ಇರಲ್ಲ ಅಂತ ಗಿಡ ಅದ್ರಿಂದ ಉಸಿರಾಡೋದು. ಅದರ ಮೇಲೇ ಎಲ್ರೂ ತುಳ್ಕೊಂಡು ನಡೆದ್ವಿ, ಪಟಪಟ ಮುರಿಯೋ ಸದ್ದು ಈಗ್ಲೂ ಕಿವೀಲಿದೆ, ತುಳಿಬೇಡಿ ಅಂತ ಹೇಳೋರು ಯಾರೂ ಇರ್ಲಿಲ್ಲ. ಇದು 2024ರಲ್ಲಿ ರಾಮ್ಸರ್ ಪಟ್ಟಿಗೆ (ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರಿದ ಜಾಗ, ಎಲ್ಲೂ ಅಣೆಕಟ್ಟಿಲ್ಲದೆ ಶಿರಸಿಯಿಂದ ಸಮುದ್ರಕ್ಕೆ ಬರೋ ನದಿ.

ಹತ್ತು ಹದಿನೈದು ನಿಮಿಷ ನಡೆದಿರ್ಬೇಕು, ಮಗ ಕೂಗ್ಕೊಂಡ. ಕಲ್ಲಿಗೆ ಅಂಟಿದ್ದ ಚಿಪ್ಪು ಪಾದಕ್ಕೆ ಬ್ಲೇಡ್ ಥರ ಕುಯ್ದಿತ್ತು. ಫಸ್ಟ್ ಏಡ್ ಬಾಕ್ಸ್ ಎಲ್ಲಿ ಅಂದ್ರೆ ಬಸ್ಸಲ್ಲಿದೆ ಅಂದ ಗೈಡ್. ನಮ್ಮನೆಯವ್ರು ಮಗನ್ನ ಎತ್ಕೊಂಡು ವಾಪಸ್ ಹೊರಟ್ರು, ನಾನು ಅಮ್ಮನ್ನ ಕರ್ಕೊಂಡು ಹಿಂದೆ ತಿರುಗಿದ್ರೆ ನಾವು ಬಂದಿದ್ದ ದಾರಿ ಇಲ್ಲ, ಅಲ್ಲಿ ಪಾದ ಮುಳುಗೋಷ್ಟು ನೀರು. ಗಾಬರೀಲಿ ಪಕ್ಕಕ್ಕೆ ಕಾಲಿಟ್ಟ ಅಮ್ಮ ಮೊಣಕಾಲ ತನಕ ಇಳಿದುಬಿಟ್ರು. ನಾನು ಕೈ ಹಿಡಿದು ಎಳೆದಷ್ಟೂ ಇನ್ನೊಂದು ಕಾಲು ಒಳಗೆ. ಗೈಡ್ ಮುಂದೆ ಯಾರಿಗೋ ಫೋಟೋ ತೆಗೀತಿದ್ದ, ಕೂಗಿದ್ರೆ "ಬಂದೆ ಮೇಡಂ" ಅಂದ, ಬರ್ಲಿಲ್ಲ.

ಬಂದಿದ್ದು ಬಳಚು (ಕೆಸರಲ್ಲಿ ಸಿಗೋ, ತಿನ್ನೋ ಚಿಪ್ಪುಜೀವಿ) ಹೆಕ್ಕಿ ಮನೆಗೆ ಹೊರಟಿದ್ದ ಒಬ್ಬ ಅಜ್ಜಿ. ಬುಟ್ಟೀನ ಗಿಡದ ಬೇರಿನ ಮೇಲೆ ಇಟ್ಟು, "ಎಳಿಬೇಡ ಮಗಾ, ಎಳಿಬೇಡ, ಭರತ ಬತ್ತದೆ, ಆದ್ರೂ ಹೆದರ್ಬೇಡ" ಅಂದ್ರು. ಭರತ ಅಂದ್ರೆ ಏರೋ ನೀರು. ಅಮ್ಮಂಗೆ "ಮಂಡಿ ಊರಿ ಅಕ್ಕಾ, ಮಂಡಿ ಊರಿ ಬಾ" ಅಂತ, ನಿಂತಲ್ಲೇ ಮುಂದಕ್ಕೆ ಬಾಗಿಸಿ, ಹಿಮ್ಮಡಿ ಅಲ್ಲಾಡಿಸಿ ಒಂದೊಂದೇ ಕಾಲು ಸಡಿಲ ಮಾಡಿಸಿ, ಅಂಬೆಗಾಲಲ್ಲಿ ದಡದ ತನಕ ಕರ್ಕೊಂಡು ಬಂದ್ರು. ನೀರಲ್ಲಿ ನೆಂದು ಅವ್ರ ಬೆರಳೆಲ್ಲಾ ಬೆಳ್ಳಗೆ ಸುಕ್ಕಾಗಿತ್ತು, ಆ ಕೈ ಅಮ್ಮನ ಕೈಯನ್ನ ಒಂದು ಸಲಾನೂ ಬಿಡ್ಲಿಲ್ಲ. ದುಡ್ಡು ಕೊಡೋಕೆ ಹೋದೆ, ತಗೊಳ್ಳಲಿಲ್ಲ. ಒಂದೇ ಮಾತು ಹೇಳಿದ್ರು, ಇಷ್ಟು ಜನ ಒಟ್ಟಿಗೆ ತುಳಿದ್ರೆ ಮರಿ ಬಳಚು ಎಲ್ಲಾ ಸಾಯ್ತದೆ, ನಮ್ಮ ಅನ್ನ ಅದು ಅಂತ. ನನಗೆ ಉತ್ತರ ಹೊಳೀಲಿಲ್ಲ, ನಾಚಿಕೆ ಆಯ್ತು.

ಉಳಿದವ್ರೂ ಹೇಗೋ ಸೊಂಟದ ತನಕ ನೆಂದು ಬಂದ್ರು, ಆಮೇಲೆ ಏನೂ ಆಗೇ ಇಲ್ಲ ಅನ್ನೋ ಥರ ಕೋಟೆಗೆ ಬಸ್ ಹೊರಡ್ತು. ಅಲ್ಲಿ ಗೈಡ್ ಹೇಳಿದ್ದು ಇದು ಟಿಪ್ಪು ಕಟ್ಟಿಸಿದ ಕೋಟೆ, ಇಲ್ಲಿಂದ ಗೋಕರ್ಣಕ್ಕೆ ಸುರಂಗ ಇದೆ ಅಂತ. ಅಮ್ಮ ಒದ್ದೆ ಸೀರೇಲೇ ನಿಂತು, ತಮ್ಮಾ, ಇದು ಗೇರುಸೊಪ್ಪೆ ರಾಣಿ ಚೆನ್ನಭೈರಾದೇವಿ ಕಾಲದ್ದು, 1552ರಿಂದ ಐವತ್ತನಾಲ್ಕು ವರ್ಷ ಆಳಿದಾಳೆ, ಇಲ್ಲಿಂದ ಮೆಣಸು ಹಡಗು ಹತ್ತಿ ಹೋಗ್ತಿತ್ತು, ಪೋರ್ಚುಗೀಸರೇ ಅವಳನ್ನ ಕಾಳುಮೆಣಸಿನ ರಾಣಿ ಅಂತ ಕರೀತಿದ್ರು ಅಂದ್ರು. ಅವ್ನು ನಕ್ಕು "ಹಾಗೂ ಹೇಳ್ತಾರೆ ಆಂಟಿ" ಅಂದು, ಪಾಚಿ ಕಟ್ಟಿರೋ ಚಿರೇಕಲ್ಲಿನ ಗೋಡೆ ಮೇಲೆ ಹುಡುಗ್ರನ್ನ ಹತ್ತಿಸಿ ರೀಲ್ಸ್ ಮಾಡಿಸ್ದ. ಪುರಾತತ್ವ ಇಲಾಖೆ ರಕ್ಷಣೇಲಿರೋ ಕೋಟೆ ಅದು. ನನಗೆ ಕೆಸರಿಗಿಂತ ಇದೇ ಜಾಸ್ತಿ ನೋವಾಗಿದ್ದು, ಅಷ್ಟು ವರ್ಷ ಕಾದು ಬಂದಿದ್ರು ಅಮ್ಮ.

ಮಗನಿಗೆ ಕುಮಟಾದಲ್ಲಿ ಮೂರು ಹೊಲಿಗೆ, ಟಿಟಿ ಇಂಜೆಕ್ಷನ್. ದುಡ್ಡು ವಾಪಸ್ ಕೇಳಿದ್ರೆ "ಪ್ರಕೃತಿ ನಮ್ ಕೈಲಿಲ್ಲ" ಅಂತ ಉತ್ತರ. ನೀರು ಯಾವಾಗ ಏರುತ್ತೆ ಅನ್ನೋದು ವರ್ಷದ ಮುಂಚೇನೇ ಲೆಕ್ಕ ಹಾಕಿ ಪಟ್ಟಿ ಮಾಡಿರ್ತಾರೆ, ಕಾರವಾರದ್ದು ಫೋನಲ್ಲೇ ಸಿಗುತ್ತೆ, ಮೀನುಗಾರರಿಗಂತೂ ಬಾಯಲ್ಲೇ ಇರುತ್ತೆ. ಹಾಗಾಗಿ ಬುಕ್ ಮಾಡೋ ಮುಂಚೆ ಕೇಳಿ, ಅವತ್ತು ಇಳಿತ ಎಷ್ಟೊತ್ತಿಗೆ, ಬಸ್ ಲೇಟಾದ್ರೆ ಕೆಸರಿಗೆ ಇಳಿಸ್ತೀರಾ ಇಲ್ವಾ, ಜೊತೆಗೆ ಆ ಊರೋರು ಯಾರಿರ್ತಾರೆ. ತಡವರಿಸಿದ್ರೆ ಬಿಟ್ಬಿಡಿ. ಕಾಲಿಗೆ ಗಟ್ಟಿ ಅಟ್ಟೆಯ ಕಟ್ಟೋ ಚಪ್ಪಲಿ ಇರ್ಲೇಬೇಕು, ಬರಿಗಾಲಲ್ಲಿ ಇಳಿರಿ ಅಂದ್ರೆ ಇಳೀಬೇಡಿ. ವಯಸ್ಸಾದವ್ರಿದ್ರೆ ಹೊನ್ನಾವರದ ಶರಾವತಿ ಕಡೆ ಕಾಂಡ್ಲಾ ನೋಡೋಕೆ ಮರದ ಕಾಲುದಾರಿ ಇದೆ, ಗಿಡಾನೂ ತುಳಿಯಲ್ಲ, ಕಾಲೂ ಹೂತೋಗಲ್ಲ.

ನಮ್ಮನ್ನ ಕರ್ಕೊಂಡು ಹೋದೋರು ಮುಂದಿನ ಬ್ಯಾಚಿಂದು ಪೋಸ್ಟರ್ ಹಾಕಿದಾರೆ. ಅಮಾವಾಸ್ಯೆ ಮಾರನೇ ದಿನ, ಕಾಂಡ್ಲಾ ವಾಕ್ ಬೆಳಿಗ್ಗೆ ಒಂಬತ್ತಕ್ಕೆ, ಮಕ್ಕಳಿಗೆ ಅರ್ಧ ರೇಟು ಅಂತಿದೆ. ನಿಮ್ಮ ಗ್ರೂಪಲ್ಲಿ ಯಾರಾದ್ರೂ ದುಡ್ಡು ಹಾಕಿದ್ರೆ ಇವತ್ತೇ ಫೋನ್ ಮಾಡಿ ಹೇಳಿ.