ಹಳೇ ಬೋಲರ್ ಕೊಳ್ಳೋದಾ, ಸ್ಕ್ಯಾಂಪ್ ಕೊಳ್ಳೋದಾ?

ಅಮೆರಿಕದ ಮಿನೆಸೋಟದಲ್ಲಿರುವ ಗೆಳೆಯರೊಬ್ಬರು ಹಳೇ ಫೈಬರ್‌ಗ್ಲಾಸ್ ಟ್ರೇಲರ್ (ಕಾರಿನ ಹಿಂದೆ ಎಳೆದೊಯ್ಯುವ, ಒಳಗೇ ಮಲಗಬಹುದಾದ ಪ್ರವಾಸದ ಗಾಡಿ) ಕೊಂಡು ರಿಪೇರಿ ಮಾಡುವ ಆಸೆಯಲ್ಲಿದ್ದಾರೆ. 13 ಅಡಿಯ ಬೋಲರ್ ಒಂದು ಕಡೆ, ಸ್ಕ್ಯಾಂಪ್ ಇನ್ನೊಂದು ಕಡೆ. ಎರಡೂ ಮೊಟ್ಟೆಯಂಥ ಗಾಡಿಗಳೇ. ಮೇಲಿನ ಚಿಪ್ಪು, ಕೆಳಗಿನ ಚಿಪ್ಪು ನಡುವಿನಲ್ಲಿ ಕೂಡಿರುತ್ತವೆ.

ಬಿಡಿಭಾಗದಲ್ಲಿ ಸ್ಕ್ಯಾಂಪ್ ಮುಂದೆ. ಅದು ಮಿನೆಸೋಟದ್ದೇ ಆದ ಬ್ಯಾಕಸ್ ಊರಲ್ಲಿ ಈಗಲೂ ತಯಾರಾಗುತ್ತದೆ, ಹಾಗಾಗಿ ಕಿಟಕಿ, ರಬ್ಬರ್ ಸಿಗುತ್ತವೆ. ಕೆನಡಾದ ವಿನಿಪೆಗ್‌ನಲ್ಲಿ 1968ರಲ್ಲಿ ಶುರುವಾದ ಬೋಲರ್ 1988ಕ್ಕೆ ನಿಂತುಹೋಯಿತು. ಭಾಗಗಳನ್ನು ಹುಡುಕಬೇಕು.

ತೂಕದಲ್ಲಿ ಬೋಲರ್ ಹಗುರ, ಖಾಲಿ ಇದ್ದಾಗ 450 ಕಿಲೋ ಆಸುಪಾಸು. ಸಣ್ಣ ಕಾರಿದ್ದವರಿಗೆ ಇದು ದೊಡ್ಡ ಅನುಕೂಲ, ಅಲ್ವಾ?

ನಿಜವಾದ ಖರ್ಚು ಅಡಿಯಲ್ಲಿ ಅಡಗಿರುತ್ತದೆ. ಟಾರ್ಚ್ ಹಿಡಿದು ಗಾಡಿ ಕೆಳಗೆ ಮಲಗಿ. ಬೋಲರ್‌ನಲ್ಲಿ ಮುಂಭಾಗದ ಚೌಕಟ್ಟು ಬಾಗುವ ಕಡೆ ಕೂದಲೆಳೆಯಂಥ ತುಕ್ಕಿನ ಗೆರೆ ಕಂಡರೆ ಅದು ಬಿರುಕು, ವೆಲ್ಡಿಂಗ್ ಬೇಕು. ಎರಡರಲ್ಲೂ ಆಕ್ಸಲ್ (ಚಕ್ರಗಳನ್ನು ಹೊತ್ತ ಅಡ್ಡಕಂಬಿ) ಒಳಗಿನ, ಕುಲುಕಾಟ ತಡೆಯುವ ರಬ್ಬರ್ ವರ್ಷಗಳಾದಂತೆ ಗಟ್ಟಿಯಾಗುತ್ತದೆ. ಅದನ್ನು ರಿಪೇರಿ ಮಾಡಲಾಗದು, ಇಡೀ ಆಕ್ಸಲ್ ಬದಲಿಸಬೇಕು. ಆಮೇಲೆ ಮಂಚದಡಿಯ ಮೂಲೆಯಲ್ಲಿ ಸ್ಕ್ರೂಡ್ರೈವರ್ ಒತ್ತಿ ನೋಡಿ. ಮೆತ್ತಗೆ ಇಳಿದರೆ ನೆಲದ ಹಲಗೆ ಕೊಳೆತಿದೆ. ಸ್ಕ್ಯಾಂಪ್‌ನಲ್ಲಿ ಚಿಪ್ಪಿಗೆ ಹೊಡೆದ ರಿವೆಟ್‌ಗಳಿಂದಲೂ ನೀರು ಇಳಿಯುತ್ತದೆ.

ವೆಲ್ಡಿಂಗ್ ಗೊತ್ತಿದ್ದು, ತಾಳ್ಮೆ ಇದ್ದರೆ ಬೋಲರ್ ತಗೊಳ್ಳಿ. ಮುಂದಿನ ಬೇಸಿಗೆಗೇ ಮಕ್ಕಳ ಜೊತೆ ಹೊರಡಬೇಕಿದ್ದರೆ ಸ್ಕ್ಯಾಂಪ್ ಸರಿ. ಒಳಗೇ ಶೌಚಾಲಯ ಬೇಕಿದ್ದರೆ 16 ಅಡಿಯ ಸ್ಕ್ಯಾಂಪ್ ನೋಡಿ.